ಪಟ್ಟಣದ ಕಾವಲು

ಹಿಂದೆ ಹಳ್ಳಿಗೊಬ್ಬ ತಳವಾರನಿರುತ್ತಿದ್ದನು. ಊರೊಳಗೆ ಹೊಸ ಮುಖ ಕಂಡರೆ ಯಾರೆಂದು ವಿಚಾರಿಸುವುದು, ಕಳವಾದರೆ ಹೆಜ್ಜೆಯ ಜಾಡು ಹಿಡಿದು ಹೋಗುವುದು ಅವನ ಕೆಲಸ. ಊರೆಲ್ಲ ಅವನಿಗೆ ಗೊತ್ತು. ಅವನು ಊರಿಗೆಲ್ಲ ಗೊತ್ತು. ಆ ಪರಿಚಯವೇ ಅವನ ಕೈಯ ಕೋಲಿಗಿಂತ ದೊಡ್ಡ ಆಯುಧವಾಗಿತ್ತು. ಇಂದು ಬೆಂಗಳೂರಿನಂತಹ ಮಹಾನಗರದಲ್ಲಿ ಬ್ಯಾಂಕು, ಆಸ್ಪತ್ರೆ, ವಸತಿ ಸಮುಚ್ಚಯಗಳ ಬಾಗಿಲಲ್ಲಿ ಸಮವಸ್ತ್ರ ಧರಿಸಿ ನಿಂತಿರುವ ಕಾವಲುಗಾರನಿಗೆ ಈ ಅನುಕೂಲವಿಲ್ಲ. ಅನೇಕ ವೇಳೆ ಅವನು ದೂರದ ಊರಿನಿಂದ ಬಂದವನು. ಕೆಲವೊಮ್ಮೆ ಇಲ್ಲಿಯ ನುಡಿಯೂ ಅವನಿಗೆ ಬಾರದು. ಸಂಬಳ ಕೊಡುವುದು ಒಂದು ಖಾಸಗಿ ಭದ್ರತಾ ಸಂಸ್ಥೆ. ಕಾಯುವ ಸ್ವತ್ತು ಇನ್ನಾರದೋ.

ಕಾವಲಿಲ್ಲದೆಡೆ ಏನಾಗಬಹುದೆಂಬುದನ್ನು ಬೆಂಗಳೂರು 2013ರ ನವೆಂಬರ್ 19ರ ಬೆಳಗ್ಗೆ ಕಂಡಿತು. ಕಾರ್ಪೊರೇಷನ್ ವೃತ್ತದ ಬಳಿಯ ಎ.ಟಿ.ಎಂ. ಕೇಂದ್ರಕ್ಕೆ ಹೋದ ಮಹಿಳೆಯೊಬ್ಬರ ಹಿಂದೆಯೇ ಒಳನುಗ್ಗಿದ ದುಷ್ಕರ್ಮಿಯು ಷಟರನ್ನು ಕೆಳಗೆಳೆದು, ಮಚ್ಚಿನಿಂದ ಹಲ್ಲೆ ಮಾಡಿ, ಹಣ ದೋಚಿಕೊಂಡು ಪರಾರಿಯಾದನು. ಅಲ್ಲಿದ್ದ ಕ್ಯಾಮೆರಾ ಎಲ್ಲವನ್ನೂ ಕಂಡಿತು. ಕಾಣುವುದಷ್ಟೇ ಅದರಿಂದ ಸಾಧ್ಯ. ಕೂಗಿ ಕರೆಯಲು ಕಾವಲುಗಾರನಿರಲಿಲ್ಲ. ಆಕೆ ಬದುಕುಳಿದರು. ಅಪರಾಧಿ ಸೆರೆಸಿಕ್ಕಿದ್ದು 2017ರಲ್ಲಿ, ಆಂಧ್ರಪ್ರದೇಶದ ಮದನಪಲ್ಲಿಯಲ್ಲಿ. ಘಟನೆಯ ಬೆನ್ನಲ್ಲೇ, ಕಾವಲಿಡಿ ಇಲ್ಲವೇ ಮುಚ್ಚಿ ಎಂದು ಸರ್ಕಾರವು ಬ್ಯಾಂಕುಗಳಿಗೆ ಹೇಳಿತು. ಆದರೆ ಬೇಕೆಂದ ಕೂಡಲೇ ನುರಿತ ಕಾವಲುಗಾರರು ದೊರೆಯುವುದೆಲ್ಲಿಂದ?

ಕಾನೂನಿಗೆ ಕೊರತೆಯಿಲ್ಲ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯಿದೆಯಂತೆ ಇಂತಹ ಸಂಸ್ಥೆಗಳು ಪರವಾನಗಿ ಪಡೆಯಬೇಕು. ಕೆಲಸಕ್ಕೆ ಸೇರುವವನ ಪೂರ್ವಾಪರವನ್ನು ಪರಿಶೀಲಿಸಿ ತರಬೇತಿ ಕೊಡಿಸಬೇಕು. ಹೊಸಬನಿಗೆ 100 ಗಂಟೆಗಳ ಪಾಠ, 60 ಗಂಟೆಗಳ ಪ್ರತ್ಯಕ್ಷ ಅಭ್ಯಾಸವೆಂದು 2006ರ ಮಾದರಿ ನಿಯಮಗಳು ಸೂಚಿಸಿದವು. ಕನಿಷ್ಠ 20 ಕೆಲಸದ ದಿನಗಳಾದರೂ ಅದಕ್ಕೆ ಬೇಕು. ಆ ದಿನಗಳ ಖರ್ಚನ್ನು ಭರಿಸುವವರು ಯಾರು? ಕಾವಲನ್ನು ಗುತ್ತಿಗೆಗೆ ಕೊಡುವವರು ಸಾಮಾನ್ಯವಾಗಿ ಕೇಳುವುದು ಕಡಿಮೆ ದರವನ್ನೇ. ದರ ಇಳಿದಂತೆ ಮೊದಲು ತರಬೇತಿ ಮೊಟಕಾಗುತ್ತದೆ, ಅನಂತರ ಸಂಬಳ. ತರಬೇತಿ ಕೊಟ್ಟ ಪ್ರಾಮಾಣಿಕ ಸಂಸ್ಥೆಗೂ ನೆಮ್ಮದಿಯಿಲ್ಲ. ಕಲಿತವನು ತುಸು ಹೆಚ್ಚು ಸಂಬಳಕ್ಕೆ ಬೇರೆಡೆಗೆ ಹೊರಟುಬಿಡುತ್ತಾನೆ. ಅಗ್ಗದ ಕಾವಲು ಬಯಸುವ ನಾಗರಿಕರಿಗೂ ಇದರಲ್ಲಿ ಪಾಲುಂಟು.

ಇನ್ನು ಅಧಿಕಾರದ ಮಾತು. ಸಮವಸ್ತ್ರ ತೊಟ್ಟ ಮಾತ್ರಕ್ಕೆ ಅವನು ಪೊಲೀಸನಾಗಲಾರ. ಕಣ್ಣೆದುರು ಘೋರ ಅಪರಾಧ ನಡೆದಾಗ ಅಪರಾಧಿಯನ್ನು ಹಿಡಿಯುವ ಹಕ್ಕು ಯಾವ ನಾಗರಿಕನಿಗೂ ಉಂಟು, ಅವನಿಗಿರುವುದೂ ಅಷ್ಟೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಹಾಗೆ ಹಿಡಿದವನನ್ನು ಆರು ಗಂಟೆಗಳೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬಹುಪಾಲು ಕಾವಲುಗಾರರ ಬಳಿ ಇರುವುದು ಲಾಠಿ, ಸೀಟಿ, ಟಾರ್ಚು. ಮಚ್ಚು ಹಿಡಿದು ಬಂದವನೆದುರು ಪ್ರಾಣ ಒಡ್ಡಬೇಕೆಂದು ಅವನ ಸಂಬಳದಲ್ಲಿ ಬರೆದಿದೆಯೇ? ಸೀಟಿ ಊದಿ, ಪೊಲೀಸರಿಗೆ ಫೋನು ಮಾಡಿ, ಕಂಡದ್ದನ್ನು ನೆನಪಿಟ್ಟು ಹೇಳಿದರೆ ಅವನ ಕರ್ತವ್ಯ ಮುಗಿಯಿತು. ಆದರೆ ಕಳವಾದ ಮರುದಿನ ಮೊದಲ ಸಂಶಯ ಬೀಳುವುದು ಹೆಚ್ಚಾಗಿ ಅವನ ಮೇಲೆಯೇ.

ಹಲವೆಡೆ ಅವನ ಪಾಳಿ ಹನ್ನೆರಡು ಗಂಟೆಯದು. ಬೆಳಗಿನ ಜಾವದ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು, ಗೇಟಿನ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಿದ್ದೆಯೊಡನೆ ಹೋರಾಡುತ್ತ ಅವನು ಕುಳಿತಿರುತ್ತಾನೆ. ಹೊತ್ತು ಮೂಡಿದಾಗ ಬದಲಿಯವನು ಬಾರದೆಹೋದರೆ, ಅದೇ ಕುರ್ಚಿಯಲ್ಲಿ ಇನ್ನೊಂದು ಪಾಳಿ ಅವನಿಗಾಗಿ ಕಾದಿರುತ್ತದೆ.