ಟೈರಿನ ಪಕ್ಕೆ ಕಂದುಬಣ್ಣಕ್ಕೆ ತಿರುಗುವುದೇಕೆ?

ಪ್ರೌಢಶಾಲಾ ತರಗತಿಗಳಿಗೆ: ಕಾರ್ಯಕಾರಣ ನಿರೂಪಣೆಯ ಪಾಠ

ಉದ್ದೇಶ

ಕಣ್ಣಿಗೆ ಕಾಣುವ ಒಂದು ಬದಲಾವಣೆಗೆ ಕಾರಣವನ್ನು ಹುಡುಕಿ, ಅದನ್ನು ಕ್ರಮಬದ್ಧವಾಗಿ ಕನ್ನಡದಲ್ಲಿ ವಿವರಿಸುವ ಸಾಮರ್ಥ್ಯವನ್ನು ಬೆಳೆಸುವುದು ಈ ಪಾಠದ ಗುರಿ. ಕನ್ನಡವು ಕಥೆ, ಕವಿತೆಗಳಿಗಷ್ಟೇ ಸಲ್ಲುವ ಭಾಷೆಯೆಂಬ ಭಾವನೆ ಗಡಿನಾಡಿನ ವಿದ್ಯಾರ್ಥಿಯಲ್ಲಿ ಬೇರೂರಿದರೆ, ವಿಚಾರದ ಭಾಷೆಯಾಗಿ ಅದು ಅವನ ಕೈತಪ್ಪುತ್ತದೆ. ಆದುದರಿಂದ ವಿಜ್ಞಾನದ ವಿಷಯವೊಂದನ್ನು ಭಾಷಾ ತರಗತಿಗೆ ಆರಿಸಿಕೊಳ್ಳಲಾಗಿದೆ.

ವಿಷಯ ನಿರೂಪಣೆ

ಹೊಸ ಕಾರಿನ ಟೈರು ಕಡುಕಪ್ಪಾಗಿರುತ್ತದೆ. ಕೆಲವು ಕಾಲ ಓಡಿದ ಬಳಿಕ ಅದರ ಪಕ್ಕೆಯ ಮೇಲೆ ಕಂದುಬಣ್ಣ ಮೂಡುತ್ತದೆ. ರಸ್ತೆಯ ಧೂಳೆಂದು ತೊಳೆದರೂ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಹಾಗಾದರೆ ಆ ಬಣ್ಣ ಹೊರಗಿನಿಂದ ಅಂಟಿದ್ದೋ, ಒಳಗಿನಿಂದ ಬಂದದ್ದೋ? ಪಾಠದ ಮೂಲಪ್ರಶ್ನೆ ಇದು.

ಕಾಸರಗೋಡಿನ ಮಕ್ಕಳಿಗೆ ರಬ್ಬರ್ ತೋಟ ಪರಿಚಿತ. ಮರದಿಂದ ಇಳಿಯುವ ಹಾಲು ಬಿಳಿಯದು, ಟೈರು ಕಪ್ಪು. ಈ ಕಪ್ಪು ರಬ್ಬರಿನ ಸಹಜ ಬಣ್ಣವಲ್ಲ. ಗಟ್ಟಿತನಕ್ಕಾಗಿಯೂ ಬಿಸಿಲಿನ ನೇರಳಾತೀತ ಕಿರಣಗಳಿಂದ ರಕ್ಷಣೆಗಾಗಿಯೂ ಬೆರೆಸುವ ಇಂಗಾಲದ ನುಣ್ಣನೆಯ ಪುಡಿ ಅದಕ್ಕೆ ಕಾರಣ. ರಬ್ಬರನ್ನು ಗಂಧಕದೊಡನೆ ಕಾಯಿಸಿದರೆ ಅದು ಬಾಳಿಕೆಯುಳ್ಳದ್ದಾಗುತ್ತದೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಆದರೆ ಗಂಧಕ ಸೇರಿದ ಮೇಲೂ ರಬ್ಬರಿನ ಉದ್ದನೆಯ ಅಣುಸರಪಣಿಗಳಲ್ಲಿ ಬಹಳಷ್ಟು ದ್ವಿಬಂಧಗಳು ಉಳಿದಿರುತ್ತವೆ. ಅವೇ ಅದರ ದುರ್ಬಲ ಸ್ಥಾನಗಳು.

ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಝೋನ್ ಅನಿಲವು ಈ ದ್ವಿಬಂಧಗಳನ್ನು ಕಡಿಯುತ್ತದೆ. ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದಾಗ ನೆಲಮಟ್ಟದಲ್ಲಿಯೂ ಈ ಅನಿಲ ಉಂಟಾಗುತ್ತದೆ. ಹಿಗ್ಗಿದ ರಬ್ಬರಿನಲ್ಲಿ, ಹಿಗ್ಗಿದ ದಿಕ್ಕಿಗೆ ಅಡ್ಡಲಾಗಿ ಬಿರುಕುಗಳು ಏಳುತ್ತವೆ. ಗಾಲಿ ಉರುಳಿದಂತೆಲ್ಲ ಟೈರಿನ ಪಕ್ಕೆ ಬಾಗಿ ನೆಟ್ಟಗಾಗುತ್ತಿರುವುದರಿಂದ ಅಪಾಯ ಅಲ್ಲಿ ಹೆಚ್ಚು.

ಇದನ್ನು ತಡೆಯಲು ತಯಾರಕರು ರಬ್ಬರಿಗೆ ಮೇಣವನ್ನೂ ಓಝೋನ್ ನಿರೋಧಕ ರಾಸಾಯನಿಕವನ್ನೂ ಬೆರೆಸುತ್ತಾರೆ. ಅಂಥ ನಿರೋಧಕಗಳಲ್ಲಿ 6-ಪಿಪಿಡಿ ಎಂಬುದು ಬಹುಬಳಕೆಯಲ್ಲಿದೆ. ಮೇಣವು ಮೇಲ್ಮೈಗೆ ಬಂದು ತೆಳುಪೊರೆಯಾಗಿ ನಿಲ್ಲುತ್ತದೆ. ನಿಂತ ವಾಹನಕ್ಕೆ ಆ ರಕ್ಷಣೆ ಒದಗಿದರೂ ಓಡುವಾಗ ಪಕ್ಕೆ ಬಾಗಿ ಪೊರೆ ಒಡೆಯುತ್ತದೆ. ಆಗ ನಿರೋಧಕದ ಸರದಿ. ಅದು ಒಳಗಿನಿಂದ ನಿಧಾನವಾಗಿ ಹೊರಗೆ ಸರಿದು, ರಬ್ಬರಿಗಿಂತ ಮೊದಲು ತಾನೇ ಓಝೋನಿನೊಡನೆ ವರ್ತಿಸುತ್ತದೆ. ಆ ಕ್ರಿಯೆಯಿಂದ ಹುಟ್ಟುವ ವಸ್ತುಗಳ ಬಣ್ಣವೇ ನಾವು ಕಾಣುವ ಕಂದು. ನೆಲಕ್ಕೆ ತಾಗುವ ಭಾಗ ಸದಾ ಸವೆಯುವುದರಿಂದ ಅಲ್ಲಿ ಈ ಬಣ್ಣ ನಿಲ್ಲದು, ಪಕ್ಕೆಯಲ್ಲಿ ನಿಲ್ಲುತ್ತದೆ. ಹೀಗಾಗಿ ಕಂದುಬಣ್ಣವೊಂದನ್ನೇ ಕಂಡು ಟೈರು ಕೆಟ್ಟಿತೆಂದು ತಿಳಿಯುವುದು ಸಲ್ಲದು. ಬಿರುಕು, ಉಬ್ಬುಗಳಿದ್ದರೆ ಮಾತ್ರ ಟೈರಿನ ಕೆಲಸ ಬಲ್ಲವರಿಗೆ ತಡಮಾಡದೆ ತೋರಿಸಬೇಕು.

ರಕ್ಷಣೆಗೂ ಒಂದು ಬೆಲೆಯುಂಟು. ಓಝೋನಿನೊಡನೆ ವರ್ತಿಸಿದ 6-ಪಿಪಿಡಿಯಿಂದ ಉಂಟಾಗುವ ಕ್ವಿನೋನ್ ರೂಪದ ವಸ್ತುವೊಂದು, ಸವೆದ ಟೈರಿನ ಕಣಗಳಿಂದ ಮಳೆನೀರಿಗೆ ಸೇರಿ ಹೊಳೆಗಳಿಗೆ ಹರಿದು, ಅಮೆರಿಕದ ಪಶ್ಚಿಮ ಕರಾವಳಿಯ ಕೋಹೊ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತದೆಂದು 2020ರಲ್ಲಿ ಸಂಶೋಧಕರು ಪ್ರಕಟಿಸಿದರು. ಪ್ರಯಾಣಿಕನನ್ನು ಕಾಯುವ ವಸ್ತು ಮೀನಿಗೆ ವಿಷವಾದ ಈ ಸಂಗತಿ ಚರ್ಚೆಗೆ ಯೋಗ್ಯವಾಗಿದೆ.

ಚಟುವಟಿಕೆಗಳು

1. ಎರಡು ರಬ್ಬರ್ ಬ್ಯಾಂಡುಗಳನ್ನು ತೆಗೆದುಕೊಂಡು, ಒಂದನ್ನು ರಟ್ಟಿಗೆ ಬಿಗಿಯಾಗಿ ಎಳೆದು ಸುತ್ತಿ, ಇನ್ನೊಂದನ್ನು ಸಡಿಲವಾಗಿ ಅದರ ಬಳಿಯಲ್ಲೇ ಗಾಳಿಯಾಡುವ ನೆರಳಿನಲ್ಲಿಡಬೇಕು. ಕೆಲವು ವಾರ ಎರಡನ್ನೂ ಗಮನಿಸಿ, ಕಂಡ ವ್ಯತ್ಯಾಸವನ್ನು ವಿದ್ಯಾರ್ಥಿಗಳು ದಿನಾಂಕ ಸಹಿತ ಬರೆಯಬೇಕು.

2. ನಿಂತ ವಾಹನವೊಂದರ ಟೈರಿನ ಪಕ್ಕೆಯನ್ನು, ಮಾಲೀಕರ ಒಪ್ಪಿಗೆ ಪಡೆದು, ಸಾಬೂನುನೀರಿನ ಬಿಳಿ ಬಟ್ಟೆಯಿಂದ ಒರೆಸಿ ಬಟ್ಟೆಯ ಬಣ್ಣವನ್ನು ನೋಡಬೇಕು. ಆ ವಾಹನ ಒಂದು ತಿಂಗಳು ಓಡಿದ ಬಳಿಕ ಅದೇ ಪಕ್ಕೆಯನ್ನು ಮತ್ತೆ ಪರಿಶೀಲಿಸಬೇಕು.

3. 'ಏಕೆಂದರೆ', 'ಆದುದರಿಂದ', 'ಆದರೂ' ಎಂಬ ಪದಗಳನ್ನು ಬಳಸಿ ಪಾಠದ ಸಾರವನ್ನು ಐದು ವಾಕ್ಯಗಳಲ್ಲಿ ಬರೆಯಿಸಬೇಕು. ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನ ಪದ ಮೊದಲು ನೆನಪಾದರೆ ವಿದ್ಯಾರ್ಥಿಯನ್ನು ತಡೆಯದೆ, ಅದರ ಪಕ್ಕದಲ್ಲಿ ಕನ್ನಡ ಪದವನ್ನು ಬರೆಯಿಸುವುದು ಒಳಿತು.

ಮೌಲ್ಯಮಾಪನ

'ಹಳೆಯದಾದುದರಿಂದ ಕಂದಾಯಿತು' ಎಂಬ ಉತ್ತರ ಅಪೂರ್ಣ. ಅದು ಕಾಲವನ್ನು ಹೇಳುತ್ತದೆ, ಕಾರಣವನ್ನಲ್ಲ. ನಿರೋಧಕವು ಒಳಗಿನಿಂದ ಹೊರಬರುವುದು, ಓಝೋನಿನೊಡನೆ ವರ್ತಿಸುವುದು, ಆ ಕ್ರಿಯೆಯಿಂದ ಬಣ್ಣ ಹುಟ್ಟುವುದು ಎಂಬ ಮೂರು ಕೊಂಡಿಗಳೂ ಇದೇ ಕ್ರಮದಲ್ಲಿ ಬಂದ ಉತ್ತರಕ್ಕೆ ಪೂರ್ಣ ಅಂಕ ಸಲ್ಲಬೇಕು. ಪಾರಿಭಾಷಿಕ ಪದ ತಪ್ಪಿದರೂ ಕೊಂಡಿ ತಪ್ಪದ ಉತ್ತರವನ್ನು ಶಿಕ್ಷಕರು ಮನ್ನಿಸಬೇಕು. ಪದವನ್ನು ಮುಂದೆ ಕಲಿಸಬಹುದು.