ಹಲ್ಲಿನೊಳಗೆ ಹೊಕ್ಕ ಬೈರಿಗೆ

ಹಲ್ಲುನೋವನ್ನು ಉಂಡವನಿಗೆ ಅದರ ವರ್ಣನೆ ಬೇಕಿಲ್ಲ. ಹುಳುಕು ಹಲ್ಲಿನ ತಿರುಳನ್ನು ಮುಟ್ಟಿದಾಗ, ಹಲ್ಲನ್ನು ಕೀಳದೆ ಉಳಿಸಲೆಂದು ದಂತವೈದ್ಯರು ಬೇರುನಾಳದ ಚಿಕಿತ್ಸೆಯನ್ನು ಕೈಗೊಳ್ಳುತ್ತಾರೆ. ಕೆಟ್ಟ ತಿರುಳನ್ನು ತೆಗೆದು, ನಾಳವನ್ನು ಔಷಧದ್ರವದಿಂದ ತೊಳೆದು ಮುಚ್ಚುತ್ತಾರೆ. ಬಹುಪಾಲು ಹಲ್ಲುಗಳು ಹೀಗೆ ಉಳಿಯುತ್ತವೆ. ಕೆಲವು ಮಾತ್ರ ಎಷ್ಟೋ ಕಾಲದ ಮೇಲೆ ಮತ್ತೆ ಕೀವುಗಟ್ಟುತ್ತವೆ. ಕೊನೆಗೆ ಕೀಳದೆ ಗತಿಯಿಲ್ಲ.

ಇದಕ್ಕೆ ಕಾರಣ ಹಲ್ಲಿನ ರಚನೆಯಲ್ಲಿಯೇ ಇದೆ. ಕಲ್ಲಿನಂತೆ ಗಟ್ಟಿಯಾಗಿ ತೋರುವ ಹಲ್ಲಿನ ಒಳಪದರದಲ್ಲಿ ಅಸಂಖ್ಯ ಸೂಕ್ಷ್ಮನಾಳಗಳಿವೆ. ಒಂದೊಂದರ ಅಗಲ ಒಂದೆರಡು ಮೈಕ್ರೋಮೀಟರು, ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು. ಎಂಟರೋಕಾಕಸ್ ಫೀಕಾಲಿಸ್ ಎಂಬ ಹಟಮಾರಿ ಬ್ಯಾಕ್ಟೀರಿಯಾ ಅಲ್ಲಿ ಅಡಗಿ ಕುಳಿತಿರುತ್ತದೆ. ಶ್ರವಣಾತೀತ ಶಬ್ದದಿಂದಲೋ ಲೇಸರ್ ಕಿರಣದಿಂದಲೋ ದ್ರವವನ್ನು ಅಲುಗಿಸಿ ಅದನ್ನು ಹೊರದೂಡುವ ಉಪಾಯಗಳುಂಟು. ಆದರೆ ಅವುಗಳ ಶಕ್ತಿ ಸುಮಾರು 800 ಮೈಕ್ರೋಮೀಟರು ಆಳದಲ್ಲಿಯೇ ಕುಂದಿಹೋಗುತ್ತದೆ.

ವೈದ್ಯನನ್ನೇ ಅಣುವಾಗಿಸಿ ದೇಹದೊಳಗೆ ಕಳುಹಿಸಿದರೆ ಹೇಗೆ? 1959ರಲ್ಲಿ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ತಮ್ಮ ಗೆಳೆಯ ಆಲ್ಬರ್ಟ್ ಹಿಬ್ಸ್ ಅವರ ಈ ಕಲ್ಪನೆಯನ್ನು ಉಪನ್ಯಾಸವೊಂದರಲ್ಲಿ ಮುಂದಿಟ್ಟರು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಯಂತ್ರದ ತೋಳುಗಳು ಸಣ್ಣ ರಂಧ್ರಗಳ ಮೂಲಕ ಶಸ್ತ್ರಚಿಕಿತ್ಸೆ ನಡೆಸುವುದು ನಿಜ. ಆದರೆ ಆ ಯಂತ್ರವೇ ರೋಗಿಗಿಂತ ದೊಡ್ಡದು! ಹಲ್ಲಿನ ಸೂಕ್ಷ್ಮನಾಳವನ್ನು ಹೊಗುವುದು ಬೇರೆಯೇ ಮಾತು.

ಅಷ್ಟು ಚಿಕ್ಕ ವಸ್ತುವಿಗೆ ನೀರೂ ನೀರಾಗಿರುವುದಿಲ್ಲ. ಮಳೆಗೆ ನೆನೆದ ಕಣಗಿನಹಾಳದ ಎರೆಹೊಲದಲ್ಲಿ ನಡೆಯುವವನ ಕಾಲನ್ನು ಹೆಜ್ಜೆಹೆಜ್ಜೆಗೂ ಮಣ್ಣು ಹಿಡಿದು ನಿಲ್ಲಿಸುವಂತೆ, ಅಣುಗಾತ್ರದ ಈಜುಗಾರನನ್ನು ದ್ರವ ಹಿಡಿದು ನಿಲ್ಲಿಸುತ್ತದೆ. ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಹುಟ್ಟು ಹಾಕಿದರೆ ಹೋದಷ್ಟೇ ಹಿಂದಿರುಗಬೇಕಾಗುತ್ತದೆ. ಎಡ್ವರ್ಡ್ ಪರ್ಸೆಲ್ ಎಂಬ ವಿಜ್ಞಾನಿ 1976ರ ಉಪನ್ಯಾಸದಲ್ಲಿ ಇದನ್ನು ಸೊಗಸಾಗಿ ವಿವರಿಸಿದರು. ಬ್ಯಾಕ್ಟೀರಿಯಾಗಳಿಗೆ ಈ ಗುಟ್ಟು ಮೊದಲೇ ಗೊತ್ತು. ಅವು ಸುರುಳಿಯಾದ ಬಾಲವನ್ನು ತಿರುಗಿಸುತ್ತ, ಬಡಗಿಯ ಬೈರಿಗೆ ಮರವನ್ನು ಕೊರೆದು ಹೋಗುವಂತೆ ಮುನ್ನಡೆಯುತ್ತವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಬರೀಶ್ ಘೋಷ್ ಮತ್ತು ಅವರ ಸಂಗಡಿಗರು ಅನುಸರಿಸಿದ್ದು ಈ ಬೈರಿಗೆಯ ನೀತಿಯನ್ನೇ. ಘೋಷ್ ಅವರು ಪೀರ್ ಫಿಶರ್ ಅವರೊಡನೆ 2009ರಲ್ಲಿಯೇ ಅಮೆರಿಕದಲ್ಲಿ ಅಂತಹ ಗಾಜಿನ ಸುರುಳಿಗಳನ್ನು ಈಜಿಸಿ ತೋರಿಸಿದ್ದರು. ತಿರುಗುವ ತಟ್ಟೆಯ ಮೇಲೆ ಸಿಲಿಕಾ ಆವಿಯನ್ನು ಓರೆಯಾಗಿ ಬೀಳಿಸಿದರೆ ಸುರುಳಿಗಳು ತಾವಾಗಿ ಬೆಳೆಯುತ್ತವೆ. ಹಲ್ಲಿಗಾಗಿ ರಚಿಸಿದ ಸುರುಳಿಗಳಿಗೆ ಕಬ್ಬಿಣದ ಲೇಪವಿದೆ. ಹೊರಗಿನಿಂದ ದುರ್ಬಲವಾದ ಕಾಂತಕ್ಷೇತ್ರವನ್ನು ತಿರುಗಿಸಿದಂತೆ ಅವೂ ತಿರುಗಿ ಮುಂದೆ ಸಾಗುತ್ತವೆ. ಕೆಲಸ ಮುಗಿದ ಮೇಲೆ ಅವನ್ನು ಹಿಂದಕ್ಕೆ ಕರೆಸಿಕೊಳ್ಳಲೂ ಬರುತ್ತದೆ. ಇವನ್ನು ನ್ಯಾನೊ ರೋಬಾಟುಗಳೆಂದು ಕರೆಯುತ್ತಾರೆ. ಎಂಜಿನೂ ಇಲ್ಲದ, ಬುದ್ಧಿಯೂ ಇಲ್ಲದ ಈ ತುಣುಕಿಗೆ ಅದು ಸ್ವಲ್ಪ ದೊಡ್ಡ ಹೆಸರೇ ಆಯಿತು.

2022ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಇವು ಹಲ್ಲಿನ ನಾಳಗಳೊಳಗೆ 2,000 ಮೈಕ್ರೋಮೀಟರು ಆಳದವರೆಗೆ ಹೋದವು. ಅಲ್ಲಿ ಶಾಖವನ್ನು ಹುಟ್ಟಿಸಿ ಬ್ಯಾಕ್ಟೀರಿಯಾಗಳನ್ನು ಕೊಂದವು. ಇಲಿಗಳಲ್ಲಿ ಪರೀಕ್ಷಿಸಿದಾಗ ಅಪಾಯ ಕಾಣಲಿಲ್ಲ. ಈ ಶೋಧವನ್ನು ರೋಗಿಗಳ ಬಳಿಗೆ ಒಯ್ಯಲು ಸಂಶೋಧಕರು ಥೆರಾನಾಟಿಲಸ್ ಎಂಬ ಕಂಪನಿಯನ್ನೂ ಸ್ಥಾಪಿಸಿದರು. ಇಲಿಯ ಹಲ್ಲಿನಿಂದ ಮನುಷ್ಯನ ಹಲ್ಲಿಗೆ ದಾರಿ ದೂರವಿದೆ. ವೈದ್ಯಶಾಸ್ತ್ರದಲ್ಲಿ ಅವಸರ ಸಲ್ಲದು.

2025ರಲ್ಲಿ ಅದೇ ಬಳಗ ಇನ್ನೊಂದು ಫಲವನ್ನು ಪ್ರಕಟಿಸಿತು. ತಣ್ಣೀರು ತಗುಲಿದರೆ ಹಲ್ಲು ಜುಮ್ಮೆನ್ನುವುದು ತೆರೆದ ನಾಳಗಳ ದೆಸೆಯಿಂದ. ಅವುಗಳೊಳಕ್ಕೆ ಕಾಂತಕ್ಷೇತ್ರದ ನೆರವಿನಿಂದ ಸೂಕ್ಷ್ಮಕಣಗಳನ್ನು ಕಳುಹಿಸಿದಾಗ, ಅವು ಒಳಗೆ ಒಂದನ್ನೊಂದು ಸೇರಿ ಸಿಮೆಂಟಿನಂತೆ ಗಟ್ಟಿಯಾಗಿ ನಾಳವನ್ನು ಮುಚ್ಚಿದವು. ತಣ್ಣೀರಿಗೆ ಬೆದರಿ ಹಿಂದೆಗೆಯುತ್ತಿದ್ದ ಇಲಿಗಳು, ಈ ಚಿಕಿತ್ಸೆಯ ತರುವಾಯ, ಮತ್ತೆ ಅದನ್ನು ನಿರಾತಂಕವಾಗಿ ಕುಡಿಯತೊಡಗಿದವು.