ಹಳೆಯ ಕಾರಿನ ಸ್ಟಿಯರಿಂಗ್ ಚಕ್ರದ ದುರಸ್ತಿ

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಹಳೆಯ ಮಾದರಿಗಳ ಮೂಲ ಚಕ್ರವನ್ನು ಉಳಿಸಿಕೊಡುವುದು ಸಣ್ಣ ಕಾರ್ಯಾಗಾರಗಳಿಗೆ ಒದಗಬಹುದಾದ ಕೆಲಸ.

1950-60ರ ದಶಕದ ಬಹಳಷ್ಟು ಚಕ್ರಗಳಲ್ಲಿ ಉಕ್ಕಿನ ಬಳೆಯ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ. ವರ್ಷಗಳು ಕಳೆದಂತೆ ಹೊದಿಕೆ ಕುಗ್ಗುತ್ತದೆ, ಒಳಗಿನ ಉಕ್ಕು ಕುಗ್ಗುವುದಿಲ್ಲ. ಆದುದರಿಂದಲೇ ಬಿರುಕು, ಅದೂ ಹೆಚ್ಚಾಗಿ ಕಡ್ಡಿಗಳು ಬಳೆಯನ್ನು ಸೇರುವೆಡೆಯಲ್ಲಿ.

ಮೊದಲು ಸೌಮ್ಯವಾದ ಸಾಬೂನು ನೀರಿನಿಂದ ಜಿಡ್ಡನ್ನು ತೆಗೆಯಬೇಕು. ಅವಸರದಲ್ಲಿ ಥಿನ್ನರ್ ಬಳಸುವವರುಂಟು. ಹಳೆಯ ಪ್ಲಾಸ್ಟಿಕ್ ಅದರಿಂದ ಮೆತ್ತಗಾಗಿ ಕೆಡುವ ಸಂಭವವಿದೆ. ಬಿರುಕನ್ನು ಅರದಿಂದ ‘ವಿ’ ಆಕಾರಕ್ಕೆ ಅಗಲಿಸಿ, ಕಾಣುವ ತುಕ್ಕನ್ನು ಕೆರೆದು, ಎಪಾಕ್ಸಿ ಪುಟ್ಟಿಯನ್ನು ಮೇಲ್ಮೈಗಿಂತ ತುಸು ಎತ್ತರಕ್ಕೆ ಒತ್ತಿ ತುಂಬಬೇಕು. 24 ಗಂಟೆ ಬಿಟ್ಟು, 120ನೇ ನಂಬರಿನ ಎಮರಿ ಕಾಗದದಿಂದ ಆರಂಭಿಸಿ 400ರವರೆಗೆ ಉಜ್ಜಿ, ಪ್ರೈಮರ್ ಹಾಗೂ ಬಣ್ಣ ಹಚ್ಚುವುದು.

ಆದರೆ ಚಕ್ರದ ನಡುಭಾಗದ ಹಲ್ಲುಗಳು ಸವೆದಿದ್ದರೆ, ಉಕ್ಕಿನ ಬಳೆಯೇ ತುಕ್ಕಿನಿಂದ ತೆಳುವಾಗಿದ್ದರೆ, ಎಷ್ಟು ಹಣ ಕೊಟ್ಟರೂ ಕೆಲಸವನ್ನು ಒಪ್ಪಿಕೊಳ್ಳಬಾರದು. ಪುಟ್ಟಿ ಬಿರುಕನ್ನು ಮುಚ್ಚೀತು, ಬಲ ಕೊಡದು. ತಿರುವಿನಲ್ಲಿ ಚಕ್ರ ಕೈಕೊಟ್ಟರೆ ಗ್ರಾಹಕನ ಪ್ರಾಣಕ್ಕೇ ಸಂಚಕಾರ. ಅಂತಹ ಚಕ್ರವನ್ನು ಹಿಂದಿರುಗಿಸುವಾಗ ಕಾರಣವನ್ನು ಬರವಣಿಗೆಯಲ್ಲಿಯೇ ಕೊಟ್ಟು, ಪ್ರತಿಯೊಂದನ್ನು ಇಟ್ಟುಕೊಳ್ಳತಕ್ಕದ್ದು.